‘ಉದ್ಭವಿಸುವುದಿಲ್ಲ’: ಸದನದ ಒಂದು ದಿನವನ್ನು ಓದುವ ಬಗೆ

ನಮ್ಮ ವಿಮರ್ಶಕ ಮಹಾಶಯರು ಒಂದು ನವ್ಯ ಕವಿತೆಯ ಅಲ್ಪವಿರಾಮದ ಮೇಲೆ ಮೂರು ಪುಟ ಬರೆಯಬಲ್ಲರು. ವಿಧಾನಸಭೆಯ ಒಂದು ದಿನದ ಕಲಾಪದ ಮೇಲೆ ಅರ್ಧ ಪುಟ ಬರೆದವರನ್ನು ನಾವು ಕಂಡಿಲ್ಲ. ಅದು ಸಾಹಿತ್ಯ ಅಲ್ಲವಂತೆ. ಇರಲಿ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹೊಲಗೇರಿ ಮಾದಿಗೇರಿಗಳ ಬದುಕಿನ ಮೇಲೆ ಕನ್ನಡದ ಎಲ್ಲ ಕಾದಂಬರಿಗಳೂ ಸೇರಿ ಮಾಡಿದ್ದಕ್ಕಿಂತ ಹೆಚ್ಚಿನ ಒಳ್ಳೇದನ್ನೂ ಕೆಟ್ಟದ್ದನ್ನೂ ಈ ಕಲಾಪದ ಕಾಗದ ಮಾಡಿದೆ. ಇದನ್ನು ಓದೋದು ವಕೀಲರ ಕೆಲಸ, ಪತ್ರಕರ್ತರ ಕೆಲಸ ಅಂತ ಬಿಟ್ಟುಬಿಟ್ಟರೆ ಆಮೇಲೆ ನಮ್ಮ ಹಣೆಬರಹ ಬೇರೆಯವರು ಓದಿ ಹೇಳಿದಂತೆಯೇ ಇರುತ್ತದೆ. ಆದ್ದರಿಂದ ಕವಿತೆ ಓದಿದ ಹಾಗೆ, ಪದ ಪದ ಹಿಡಿದು, ಇದನ್ನೂ ಓದೋಣ ಅಂತ ಹೊರಟಿದ್ದೇವೆ.

ಈ ನಾಲ್ಕೇ ತಾಲ್ಲೂಕು ಯಾಕೆ ಅಂದರೆ ಇವು ಒಂದೇ ಕಂದಾಯ ಉಪವಿಭಾಗಕ್ಕೆ ಸೇರಿದವು. ಮಂಡ್ಯ ಜಿಲ್ಲೆಯ ಉಳಿದ ಮೂರು ತಾಲ್ಲೂಕು ಮಂಡ್ಯ ಉಪವಿಭಾಗಕ್ಕೆ. ಇವು ನಾಲ್ಕೂ ಪಾಂಡವಪುರ ಉಪವಿಭಾಗಕ್ಕೆ. ದಲಿತನಿಗೆ ಮಂಜೂರಾದ ಜಮೀನು ಕೈತಪ್ಪಿ ಹೋಗಿದ್ದರೆ ಅದನ್ನು ವಾಪಸು ಕೊಡಿಸಿ ಅಂತ ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿಗೆ. ಬೆಂಗಳೂರಿನಲ್ಲಿ ಸದನ ಆಡಿದ ಒಂದು ಪದ ನಾಗಮಂಗಲದ ಬೆದ್ದಲು ಹೊಲದ ಒಡೆತನ ಆಗೋದು ಅಥವಾ ಆಗದೆ ಹೋಗೋದು ಈ ಕಚೇರಿಯ ಮೂಲಕ.

ಮೊದಲು ಸದನದ ದಿನ ಹೇಗೆ ಶುರುವಾಗುತ್ತದೆ ನೋಡಿ. ಪ್ರಶ್ನೋತ್ತರ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಕಾಗದದಲ್ಲಿ ಉತ್ತರ. ಕಾಗದವನ್ನು ಎರಡು ಭಾಗ ಮಾಡಿರುತ್ತಾರೆ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಎಡಗಡೆ (ಅ): ಇಂಥ ತಾಲ್ಲೂಕಿನ ಇಷ್ಟು ಗ್ರಾಮಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಸ್ಮಶಾನ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಲಗಡೆ: ಬಂದಿದೆ. (ಆ): ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಬಲಗಡೆ: ಅನುಬಂಧದಲ್ಲಿ ನೀಡಲಾಗಿದೆ. (ಇ): ಯಾವ ಕಾಲಮಿತಿಯೊಳಗೆ ಒದಗಿಸಲಾಗುವುದು? ಬಲಗಡೆ: ಅನುದಾನದ ಲಭ್ಯತೆಯನ್ನು ಆಧರಿಸಿ ಪರಿಶೀಲಿಸಲಾಗುವುದು. ಇದು ಒಂದು ಮಾದರಿ. ಇನ್ನೊಂದು ಮಾದರಿಯಲ್ಲಿ (ಅ)ಗೆ ‘ಬಂದಿರುವುದಿಲ್ಲ’ ಅಂತ ಬರುತ್ತದೆ. ಆಗ (ಆ), (ಇ), (ಈ) ಎಲ್ಲಕ್ಕೂ ಒಂದೇ ಪದ: ‘ಉದ್ಭವಿಸುವುದಿಲ್ಲ’.

ಈ ‘ಉದ್ಭವಿಸುವುದಿಲ್ಲ’ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಉದ್ಭವ ಆಗೋದು ದೇವರು ಮಾತ್ರ. ಹುತ್ತದಲ್ಲಿ ಲಿಂಗ ಉದ್ಭವ ಆಯ್ತು, ಹೊಲ ಉಳುವಾಗ ನೇಗಿಲಿಗೆ ತಗುಲಿ ಅಮ್ಮ ಉದ್ಭವ ಆದಳು ಅಂತೀವಿ. ಹೆಣ ಹೊತ್ತುಕೊಂಡು ಯಾರ ಗದ್ದೆ ಬದುವಿನ ಮೇಲೆ ಹೋಗಬೇಕು ಅಂತ ಕಾಯುತ್ತಾ ನಿಂತವನ ಪ್ರಶ್ನೆ ಮಾತ್ರ ಉದ್ಭವ ಆಗೋದಿಲ್ಲ. ಇಂಗ್ಲಿಷರ ಪಾರ್ಲಿಮೆಂಟಿನ ಒಂದು ಒಣ ಮಾತನ್ನು ನಮ್ಮ ಕಾರ್ಯದರ್ಶಿಗಳು ಸಂಸ್ಕೃತಕ್ಕೆ ತಿರುಗಿಸಿದಾಗ ಅದಕ್ಕೆ ಗರ್ಭಗುಡಿಯ ವಾಸನೆ ಬಂದುಬಿಟ್ಟಿದೆ. ‘ಆ ಪ್ರಶ್ನೆ ಏಳೋದಿಲ್ಲ’ ಅಂದಿದ್ದರೆ ಯಾರಾದರೂ ಎದ್ದು ‘ಯಾಕೆ ಏಳೋದಿಲ್ಲ, ಏಳಿಸ್ತೀವಿ’ ಅನ್ನಬಹುದಿತ್ತು.

ಇನ್ನೊಂದು, ಕ್ರಿಯಾಪದ. ‘ಕ್ರಮ ಕೈಗೊಳ್ಳಲಾಗುವುದು’, ‘ಪರಿಶೀಲಿಸಲಾಗುತ್ತಿದೆ’, ‘ಸೂಚನೆ ನೀಡಲಾಗಿದೆ’. ಯಾರು? ಕರ್ತೃವೇ ಇಲ್ಲ. ಹಳ್ಳಿ ಶಾಲೆಯ ಮೇಷ್ಟ್ರುಗಳು ಕರ್ತರಿ ಕರ್ಮಣಿ ಪಾಠ ಮಾಡುವಾಗ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ಹೇಳಿಕೊಡುತ್ತಾರೆ. ಅಲ್ಲಿ ರಾಮನಾದರೂ ಇದ್ದಾನೆ. ಸರ್ಕಾರದ ಕರ್ಮಣಿಯಲ್ಲಿ ಕೊಂದವನೂ ಇಲ್ಲ, ಉಳಿಸಿದವನೂ ಇಲ್ಲ. ನಮ್ಮ ಕೇರಿಯ ಮಾತಿನಲ್ಲಿ ಈ ಪ್ರಯೋಗವೇ ಇಲ್ಲ. ‘ಗೌಡ ಬೇಲಿ ಹಾಕ್ಕೊಂಡ’, ‘ಸಾವ್ಕಾರ ಬರೆಸ್ಕೊಂಡ’ ಅಂತೀವಿ. ಮಾಡಿದವನ ಹೆಸರು ಇಲ್ಲದೆ ಮಾತು ಪೂರ್ತಿ ಆಗೋದಿಲ್ಲ. ಈ ಮಾತು ಸದನದ ಕಾಗದಕ್ಕೆ ಹೋಗುವಾಗ ‘ಒತ್ತುವರಿಯಾಗಿರುತ್ತದೆ’ ಅಂತ ಆಗುತ್ತದೆ. ಮಳೆ ಬಂದ ಹಾಗೆ, ತಾನೇ ತಾನಾಗಿ ಒತ್ತುವರಿ ಆಯ್ತು!

‘ಮಾನ್ಯ’ ಅನ್ನೋ ಪದವೂ ಹಾಗೇ. ಸದನದಲ್ಲಿ ಮಾನ್ಯ ಸದಸ್ಯರು, ಮಾನ್ಯ ಮಂತ್ರಿಗಳು, ಮಾನ್ಯ ಸಭಾಧ್ಯಕ್ಷರು. ನಮ್ಮ ಹಳೇ ಮೈಸೂರು ಹಳ್ಳಿಗಳಲ್ಲಿ ಮಾನ್ಯ ಅಂದರೆ ಇನಾಂ ಭೂಮಿ. ದೇವಸ್ಥಾನದ ಮಾನ್ಯ, ಪಟೇಲನ ಮಾನ್ಯ, ತೋಟಿ ತಳವಾರನ ಮಾನ್ಯ. ಭೂಮಿ ಇದ್ದವನಿಗೆ ಮಾನ, ಮಾನ ಇದ್ದವನಿಗೆ ಭೂಮಿ. ಎರಡೂ ಒಂದೇ ಬೇರಿನ ಗೆಡ್ಡೆ ಅಂತ ನಿಘಂಟು ನೋಡದೆಯೂ ಕೇರಿಗೆ ಗೊತ್ತು.

ಸದನ ಮೊದಲಿಂದಲೂ ಹೀಗೇ ಹುಟ್ಟಿತು. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. 144 ಮಂದಿ ಸದಸ್ಯರು. ದೇಶೀ ಸಂಸ್ಥಾನಗಳಲ್ಲಿ ಇಂಥದ್ದು ಮೊದಲು ಅಂತ ಎಲ್ಲ ಪಠ್ಯಪುಸ್ತಕಗಳೂ ಹೊಗಳುತ್ತವೆ. ಹೊಗಳಿಕೆಗೆ ತಕ್ಕ ಕೆಲಸವೇ. ಆದರೆ ಯಾರು ಬಂದರು? ತಾಲ್ಲೂಕಿಗೆ ಒಬ್ಬಿಬ್ಬರು ಪ್ರಭಾವ ಇದ್ದ ಜಮೀನು ಹಿಡುವಳಿದಾರರು, ಜಿಲ್ಲೆಗೆ ಮೂರು ನಾಲ್ಕು ಜನ ವರ್ತಕರು. ಆಗ ಪಾಂಡವಪುರದ ಹೆಸರು ಫ್ರೆಂಚ್ ರಾಕ್ಸ್, ಹಿರೋಡೆ. ಕೆ.ಆರ್. ಪೇಟೆ ಇನ್ನೂ ಅತ್ತಿಕುಪ್ಪೆ. 1891ರಲ್ಲಿ ಅದಕ್ಕೆ ರಾಜರ ಹೆಸರು ಬಂತು. ದಿವಾನರು ವರದಿ ಓದುತ್ತಿದ್ದರು, ಪ್ರತಿನಿಧಿಗಳು ಅಹವಾಲು ಹೇಳುತ್ತಿದ್ದರು. ಕಾನೂನು ಮಾಡುವ ಅಧಿಕಾರ ಸಭೆಗೆ ಇರಲಿಲ್ಲ. ಆಮೇಲೆ ಚುನಾವಣೆ ಬಂದಾಗಲೂ ಇಷ್ಟು ಕಂದಾಯ ಕಟ್ಟುವವನಿಗೆ ಮಾತ್ರ ಮತ. ಜಮೀನೇ ಇಲ್ಲದವನು ಕಂದಾಯ ಎಲ್ಲಿಂದ ಕಟ್ಟಬೇಕು? ‘ಪ್ರಜೆ’ ಅನ್ನುವ ಪದ ಆ ಸಭೆಯ ಹೆಸರಿನಲ್ಲೇ ಇತ್ತು. ನಮ್ಮವರು ಆ ಪದದ ಒಳಗೆ ಇರಲಿಲ್ಲ.

ಆದರೆ ಆ ಕಾಲದಲ್ಲೂ ಈ ನಾಲ್ಕು ತಾಲ್ಲೂಕಿನ ಭೂಮಿಯ ಲೆಕ್ಕ ನಮ್ಮವರ ತಲೆಯಲ್ಲೇ ಇತ್ತು ಅನ್ನೋದನ್ನು ಮರೆಯಬಾರದು. ಊರ ಕುಳವಾಡಿ ಹೊಲೆಯ. ಎರಡು ಊರಿನ ನಡುವೆ ಗಡಿ ಜಗಳ ಬಂದರೆ ಅವನನ್ನು ಕರೆಯುತ್ತಿದ್ದರು. ಅವನು ತಲೆ ಮೇಲೆ ಮಣ್ಣಿನ ಹೆಂಟೆ ಇಟ್ಟುಕೊಂಡು ನಡೆಯಬೇಕು. ಅವನ ಹೆಜ್ಜೆ ಬಿದ್ದ ಕಡೆ ಗಡಿ. ಬ್ರಿಟಿಷ್ ಅಧಿಕಾರಿಗಳು 19ನೇ ಶತಮಾನದಲ್ಲೇ ಬೆರಗಾಗಿ ಇದನ್ನು ಬರೆದಿಟ್ಟಿದ್ದಾರೆ. ನೀರಿನದೂ ಹಾಗೆ. ಶ್ರೀರಂಗಪಟ್ಟಣದ ಸುತ್ತ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ. ಕಟ್ಟಿಸಿದ ರಾಜರ ಹೆಸರು ಶಾಲೆಯಲ್ಲಿ ಹೇಳಿಕೊಡುತ್ತಾರೆ. ರಾತ್ರಿ ಹೊತ್ತು ಗುದ್ದಲಿ ಹಿಡಿದು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೂಬು ತೆಗೆದು ಮುಚ್ಚಿದ ನೀರಗಂಟಿಗಳಲ್ಲಿ ಬಹಳ ಮಂದಿ ನಮ್ಮವರು. ಗಡಿ ಹೇಳಿದವನಿಗೆ ಗಡಿಯ ಒಳಗೆ ನೆಲ ಇಲ್ಲ, ನೀರು ಬಿಟ್ಟವನಿಗೆ ಊರ ಬಾವಿ ನೀರು ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸದನ ಇವರ ಕಡೆ ತಿರುಗಿ ನೋಡಿತು, ಇಲ್ಲ ಅನ್ನೋದಿಲ್ಲ. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1961ರಲ್ಲಿ ಬಂತು, 1963ರ ಫೆಬ್ರವರಿ 1ರಿಂದ ಜಾರಿಗೆ. ಪಟೇಲಿಕೆ ಹೋಯಿತು, ಶಾನುಭೋಗಿಕೆ ಹೋಯಿತು, ತೋಟಿ ತಳವಾರಿಕೆಯ ವಂಶಪಾರಂಪರ್ಯವೂ ಹೋಯಿತು. ಹುದ್ದೆಗೆ ಅಂಟಿದ್ದ ಜಮೀನನ್ನು ಅದೇ ಮನೆತನಕ್ಕೆ ಹಣ ಕಟ್ಟಿಸಿಕೊಂಡು ಮರುಮಂಜೂರು ಮಾಡಬೇಕು ಅಂತ ಬರೆದರು. ಓದೋದಕ್ಕೆ ಎಷ್ಟು ಸಮಾನ! ಪಟೇಲನಿಗೂ ತೋಟಿಗೂ ಒಂದೇ ಕಲಮು. ಲೆಕ್ಕದ ಪುಸ್ತಕ ಬರೆಯುತ್ತಿದ್ದವನಿಗೆ ಯಾವ ಅರ್ಜಿ, ಯಾವ ದಿನಾಂಕ ಅಂತ ಗೊತ್ತು. ಹೆಬ್ಬೆಟ್ಟು ಒತ್ತುತ್ತಿದ್ದವನಿಗೆ ಸಾಲ ಕೊಟ್ಟವನು ಹೇಳಿದ್ದೇ ಕಾನೂನು. ಮರುಮಂಜೂರಾದ ಭೂಮಿಯನ್ನು 15 ವರ್ಷ ಪರಭಾರೆ ಮಾಡಬಾರದು ಅನ್ನುವ ತಡೆ ಬಂದದ್ದು 1978ರಲ್ಲಿ. ಅಷ್ಟು ಹೊತ್ತಿಗೆ ಗಾಡಿ ಊರು ದಾಟಿತ್ತು.

ಅದೇ ಅರಸು ಕಾಲದಲ್ಲಿ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯಿದೆ, ಜನ ಪಿಟಿಸಿಎಲ್ ಅನ್ನುವ ಕಾಯಿದೆ, 1978ರಲ್ಲಿ ಆಗಿ 1979ರ ಜನವರಿ 1ರಿಂದ ಜಾರಿಗೆ ಬಂತು. ಇದನ್ನು ನಮ್ಮ ಜನ ಇವತ್ತೂ ಬಿ. ಬಸವಲಿಂಗಪ್ಪನವರ ಹೆಸರಿನ ಜೊತೆ ಸೇರಿಸಿ ನೆನೆಯುತ್ತಾರೆ. 1973ರ ನವೆಂಬರಿನಲ್ಲಿ ‘ಬೂಸಾ’ ಅಂದದ್ದಕ್ಕೆ ಮಂತ್ರಿ ಪದವಿ ಕಳಕೊಂಡ ಮನುಷ್ಯ. ಕನ್ನಡ ಸಾಹಿತ್ಯದ ಬಗ್ಗೆ ಅವರ ಆ ಒಂದು ಪದದ ಮೇಲೆ ಸಾವಿರ ಪುಟ ಬಂದಿದೆ. ಈ ಕಾಯಿದೆಯ ಪದಗಳ ಮೇಲೆ? ಅದಕ್ಕೇ ಹೇಳಿದ್ದು, ವಿಮರ್ಶಕರು ಓದೋದಿಲ್ಲ ಅಂತ. ಕಾಯಿದೆ ಹೇಳಿದ್ದು ಸರಳ. ಸರ್ಕಾರ ದಲಿತನಿಗೆ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ ಆ ಕ್ರಯ ಶೂನ್ಯ, ಮುಂದೆ ಮಾರಬೇಕಾದರೆ ಸರ್ಕಾರದ ಅನುಮತಿ ಬೇಕು, ಉಪವಿಭಾಗಾಧಿಕಾರಿ ಜಮೀನು ಬಿಡಿಸಿ ಮೂಲದವನಿಗೆ ಅಥವಾ ಅವನ ವಾರಸುದಾರರಿಗೆ ಕೊಡಬೇಕು. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿ ಹಿಡಿಯಿತು.

ಅರ್ಜಿ ಇಷ್ಟೇ ವರ್ಷದೊಳಗೆ ಹಾಕಬೇಕು ಅಂತ ಕಾಯಿದೆ ಎಲ್ಲೂ ಹೇಳಿರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯಿದೆ ಬಂದು ಇಪ್ಪತ್ತು ವರ್ಷದ ಮೇಲಾದ ಮೇಲೆ ಬಂದರೆ ಆಗದು, ‘ಸಮಂಜಸ ಕಾಲ’ದೊಳಗೆ ಬರಬೇಕಿತ್ತು ಅಂದಿತು. ಅಲ್ಲಿಂದಾಚೆ ಅರ್ಜಿಗಳು ಒಂದಾದ ಮೇಲೊಂದು ಬಿದ್ದುಹೋದವು. ಎಷ್ಟು ವರ್ಷ ಅಂದರೆ ಸಮಂಜಸ? ಜೀತದ ಆಳು ಯಜಮಾನನ ಮೇಲೆ ಅರ್ಜಿ ಹಾಕಲು ಧೈರ್ಯ ಮಾಡೋದಕ್ಕೆ ಎಷ್ಟು ವರ್ಷ ಬೇಕು? ಅವನ ಮಗ ಎಸೆಸೆಲ್ಸಿ ಪಾಸು ಮಾಡಿ ಪಹಣಿ ಓದೋದಕ್ಕೆ ಎಷ್ಟು ವರ್ಷ ಬೇಕು? ಒಂದು ತಲೆಮಾರು. ಅದೇ ಇಪ್ಪತ್ತೈದು ವರ್ಷ. ಕೇರಿಯ ಕಾಲ ನಡೆಯೋದೇ ಹಾಗೆ. ನಗರದ ಗಡಿಯಾರ ಇಟ್ಟು ಅದನ್ನು ‘ವಿಳಂಬ’ ಅಂದರು.

ಈಗ ನಾವು ಓದಬೇಕು ಅಂದುಕೊಂಡ ದಿನಕ್ಕೆ ಬರೋಣ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದಲಿತರು ತಿಂಗಳುಗಟ್ಟಲೆ ಧರಣಿ ಕೂತ ಮೇಲೆ, 2023ರ ಜುಲೈ ಅಧಿವೇಶನದಲ್ಲಿ ಪಿಟಿಸಿಎಲ್ ತಿದ್ದುಪಡಿ ವಿಧೇಯಕ ಬಂತು. ಆ ಅಧಿವೇಶನವನ್ನು ಜನ ನೆನಪಿಟ್ಟುಕೊಂಡಿರೋದು ಅದಕ್ಕಲ್ಲ, ಜುಲೈ 19ಕ್ಕೆ. ಅವತ್ತು ವಿರೋಧ ಪಕ್ಷಗಳ ರಾಷ್ಟ್ರೀಯ ನಾಯಕರ ಸ್ವಾಗತಕ್ಕೆ ಐಎಎಸ್ ಅಧಿಕಾರಿಗಳನ್ನು ಕಳಿಸಿದ್ದು ಯಾಕೆ ಅಂತ ಬಿಜೆಪಿ ಗದ್ದಲ ಎಬ್ಬಿಸಿತು. ಊಟಕ್ಕೂ ಬಿಡದೆ ಕಲಾಪ ನಡೆಸಿದರು ಅಂತ ಸಿಟ್ಟು ಬೇರೆ. ಪೀಠದಲ್ಲಿ ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿ ಇದ್ದರು. ವಿಧೇಯಕದ ಪ್ರತಿಗಳನ್ನು ಹರಿದು ಅವರ ಮೇಲೆ ಎಸೆದರು. ಸಭಾಧ್ಯಕ್ಷ ಯು.ಟಿ. ಖಾದರ್ 10 ಮಂದಿಯನ್ನು ಅಮಾನತು ಮಾಡಿದರು. ಲಮಾಣಿಯವರು ಹಾವೇರಿ ಮೀಸಲು ಕ್ಷೇತ್ರದವರು, ಲಂಬಾಣಿ ಸಮುದಾಯದವರು. ದಲಿತ ಉಪಸಭಾಧ್ಯಕ್ಷರಿಗೆ ಅವಮಾನ ಅನ್ನುವ ಮಾತೂ ಎದ್ದಿತು. ಅವಮಾನ ಹೌದೇ ಹೌದು. ಆದರೆ ನಾವು ಕೇಳೋದು, ಮರುದಿನದ ಪತ್ರಿಕೆಗಳಲ್ಲಿ ಹಾರಿದ ಕಾಗದದ ಚಿತ್ರ ಎಷ್ಟು ಅಂಕಣ, ಕಾಗದದಲ್ಲಿ ಬರೆದದ್ದು ಏನು ಅನ್ನೋದು ಎಷ್ಟು ಅಂಕಣ? ಗದ್ದಲ ಒಂದು ಪ್ರಹಸನ, ಅದಕ್ಕೆ ನೋಡುಗರು ಇದ್ದಾರೆ. ವಿಧೇಯಕದ ಕಲಮು ಒಂದು ಗದ್ಯ, ಅದಕ್ಕೆ ಓದುಗರಿಲ್ಲ.

ತಿದ್ದುಪಡಿ ಪಾಸಾಯಿತು. ಐದನೇ ಕಲಮಿಗೆ ಎರಡು ಉಪಕಲಮು ಸೇರಿತು. ಯಾವ ಕಾನೂನಿನಲ್ಲಿ ಏನೇ ಇದ್ದರೂ ಈ ಕಾಯಿದೆಯ ಅರ್ಜಿಗೆ ಕಾಲಮಿತಿ ಇಲ್ಲ, ಬಾಕಿ ಇರುವ ಕೇಸುಗಳಿಗೂ ಇದು ಅನ್ವಯ. ಕೇರಿಗಳಲ್ಲಿ ಸಿಹಿ ಹಂಚಿದರು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠದ ಮುಂದೆ ಈ ಪದ ಬಂತು. ಪೀಠ ಹೇಳಿದ್ದು: ಕಾಲಮಿತಿ ಬೇರೆ, ವಿಳಂಬ ಬೇರೆ. ಕಾಲಮಿತಿ ಕಾನೂನಿನದು, ವಿಳಂಬ ನ್ಯಾಯಪ್ರಜ್ಞೆಯದು. ಸದನ ತೆಗೆದದ್ದು ಮೊದಲನೆಯದನ್ನು. ಎರಡನೆಯದು ಹಾಗೇ ಇದೆ.

ನೋಡಿದಿರಾ, ಒಂದು ಪದ! ಕವಿತೆಯಲ್ಲಿ ಇಂಥ ಸೂಕ್ಷ್ಮ ಬಂದಿದ್ದರೆ ನಮ್ಮ ವಿಮರ್ಶಕರು ‘ಅನೇಕಾರ್ಥತೆ’ ಅಂತ ಕುಣಿಯುತ್ತಿದ್ದರು. ಇಲ್ಲಿ ಅನೇಕಾರ್ಥತೆಯ ಬೆಲೆ ನಾಲ್ಕೆಕರೆ ಜಮೀನು. ನ್ಯಾಯಾಧೀಶರು ಓದಿದ್ದು ತಪ್ಪು ಅಂತ ನಾವು ವಾದಿಸಬಹುದು, ವಾದಿಸಬೇಕು ಕೂಡ. ಆದರೆ ನಮ್ಮ ಸಿಟ್ಟು ಮುಖ್ಯವಾಗಿ ಸದನದ ಮೇಲೆ. 2017ರ ತೀರ್ಪಿನಲ್ಲೇ ‘ಸಮಂಜಸ ಕಾಲ’ ಅನ್ನೋ ಮಾತಿತ್ತು. ಜಮೀನು ಕಿತ್ತುಕೊಂಡ ಪದ ಅದೇ. ತಿದ್ದುಪಡಿ ಬರೆಯುವಾಗ ಆ ಪದದ ಕೊರಳಿಗೇ ಕೈ ಹಾಕಿ, ‘ವಿಳಂಬದ ಕಾರಣದಿಂದಲೂ ತಿರಸ್ಕರಿಸಕೂಡದು’ ಅಂತ ಒಂದು ಸಾಲು ಸೇರಿಸೋದಕ್ಕೆ ಏನು ಅಡ್ಡಿ ಇತ್ತು? ಅದಕ್ಕೆ ಒಬ್ಬ ಸದಸ್ಯ ಪದ ಹಿಡಿದು ಕೂತು ಓದಬೇಕಿತ್ತು. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ಮೇಲೆ ನಾಲ್ಕು ದಿನ ಚರ್ಚೆ ಮಾಡಿದರು, ಕೊನೆಗೆ 99–105. ರಾಜೀನಾಮೆ ಕೊಟ್ಟು ಹೋದವರಲ್ಲಿ ಕೆ.ಆರ್. ಪೇಟೆಯ ಸದಸ್ಯರೂ ಒಬ್ಬರು. ಕುರ್ಚಿಗೆ ನಾಲ್ಕು ದಿನ ಸಿಗುತ್ತದೆ ಅಂದಮೇಲೆ ಕಲಮಿಗೆ ಒಂದು ದಿನ ಸಿಗಬಾರದೆ?

ನಾಲ್ಕು ತಾಲ್ಲೂಕಿನ ಸದಸ್ಯರು ಯಾರೂ ಮೀಸಲು ಕ್ಷೇತ್ರದವರಲ್ಲ. ಜಿಲ್ಲೆಯ ಏಳರಲ್ಲಿ ಮಳವಳ್ಳಿ ಒಂದೇ ಮೀಸಲು. ಹಾಗಾಗಿ ಇಲ್ಲಿನ ದಲಿತರ ಜಮೀನಿನ ಮಾತು ಆಡಬೇಕಾದವರು ‘ರೈತರ ಪ್ರತಿನಿಧಿ’ಗಳೇ. ಇವರಲ್ಲಿ ನಾವು ಗೌರವದಿಂದ ಓದಬೇಕಾದದ್ದು ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರನ್ನು. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದವರು, 2018ರಲ್ಲಿ ತೀರಿಕೊಂಡರು. ಸದನದ ಕರ್ಮಣಿ ಪ್ರಯೋಗವನ್ನು ಮುರಿದವರು ಅವರು. ಹಸಿರು ಶಾಲು ಹೊದ್ದು, ಗದ್ದೆ ಬದುವಿನ ಮೇಲೆ ನಿಂತು ಆಡುವ ಮಾತನ್ನೇ ಅಲ್ಲಿ ಆಡಿದರು. ಆದರೂ ಒಂದು ತಕರಾರು ಉಳಿಯುತ್ತದೆ. ‘ರೈತ’ ಅನ್ನೋ ಪದದ ಒಳಗೆ ಯಾರಿದ್ದಾರೆ? ಕಬ್ಬಿನ ಬೆಲೆ, ನಾಲೆ ನೀರು, ಪಂಪ್‌ಸೆಟ್ಟಿನ ಕರೆಂಟು, ಇವೆಲ್ಲ ನ್ಯಾಯವಾದ ಹೋರಾಟಗಳೇ. ಕಬ್ಬು ಕಡಿಯುವ ಕೈಗೆ ಕೂಲಿ ಎಷ್ಟು ಅನ್ನೋದು ಆ ಪಟ್ಟಿಯಲ್ಲಿ ಯಾವ ಸಾಲಿನಲ್ಲಿತ್ತು? ಪಿಟಿಸಿಎಲ್ ಕೇಸಿನಲ್ಲಿ ಎದುರಾಳಿಯಾಗಿ ನಿಲ್ಲೋದು ಹಲವು ಸಲ ಹಸಿರು ಶಾಲಿನವರೇ. ರೈತ ಚಳವಳಿಯೂ ದಲಿತ ಚಳವಳಿಯೂ ಒಂದೇ ವೇದಿಕೆಯಲ್ಲಿ ಕೈ ಹಿಡಿದು ಎತ್ತಿದಾಗಲೆಲ್ಲ ಈ ಪ್ರಶ್ನೆ ವೇದಿಕೆಯ ಕೆಳಗೆ ಕೂತಿತ್ತು.

ಮೇಲ್ಮನೆಯಲ್ಲಿ ನಮ್ಮ ಕವಿ ಸಿದ್ಧಲಿಂಗಯ್ಯ ಎರಡು ಅವಧಿ ಇದ್ದರು, 1988ರಿಂದ. ಅವರ ಭಾಷಣಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಅಂತ ಪುಸ್ತಕವಾಗಿ ಬಂದಿವೆ. ಕವಿ ಸರ್ಕಾರದ ಒಳಗೆ ಹೋದ ಅಂತ ನಮ್ಮಲ್ಲೇ ಮುನಿಸಿಕೊಂಡವರುಂಟು. ಅವರ ಹಾಡು ಬಾಯಿಪಾಠ ಇರುವ ಹುಡುಗರಲ್ಲಿ ಈ ಪುಸ್ತಕ ಮುಟ್ಟಿದವರು ಕಡಿಮೆ. ಇದು ನಮ್ಮ ಚಳವಳಿಯ ಸೋಮಾರಿತನ. ಹಾಡೋದು ಸುಲಭ, ಪ್ರಶ್ನೆ (ಅ), ಪ್ರಶ್ನೆ (ಆ) ಅಂತ ಬರೆಯೋದು ಕಷ್ಟ.

ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಕೆತ್ತಿದ್ದಾರೆ. ಕೈದಿಗಳನ್ನೂ ದುಡಿಸಿಕೊಂಡು ಕಟ್ಟಿದ ಕಟ್ಟಡ. ಕೆಂಗಲ್ ಹನುಮಂತಯ್ಯನವರ ಉದ್ದೇಶ ಒಳ್ಳೆಯದೇ ಇರಬಹುದು, ಲಂಚ ತಿನ್ನಬೇಡಿ, ಭಯಭಕ್ತಿಯಿಂದ ದುಡಿಯಿರಿ ಅಂತ. ಆದರೆ ಪಾಂಡವಪುರ ತಾಲ್ಲೂಕಿನವನು ಈ ಸಾಲನ್ನು ಓದಿದರೆ ಅವನಿಗೆ ಮೇಲುಕೋಟೆ ನೆನಪಾಗುತ್ತದೆ. ರಾಮಾನುಜರು ನಮ್ಮವರಿಗೆ ತಿರುಕುಲದವರು ಅಂತ ಹೆಸರು ಕೊಟ್ಟರು ಅಂತಾರೆ. ಆ ಹೆಸರಿನ ಜೊತೆ ಸಿಕ್ಕಿದ್ದು ವರ್ಷಕ್ಕೆ ಮೂರು ದಿನ ಚೆಲುವನಾರಾಯಣನ ಗುಡಿಯೊಳಗೆ ಹೋಗುವ ಹಕ್ಕು, ಆಮೇಲೆ ಗುಡಿ ಶುದ್ಧಿ. ಉಳಿದ ದಿನ ದೇವರ ಕೆಲಸ ಹೊರಗಡೆಯಿಂದಲೇ. 1948ರಲ್ಲಿ ಮೈಸೂರಿನಲ್ಲಿ ದೇವಸ್ಥಾನ ಪ್ರವೇಶದ ಕಾಯಿದೆ ಬಂದು ಕಾಗದದ ಮೇಲೆ ಮೂರು ದಿನದ ಲೆಕ್ಕ ಮುಗಿಯಿತು. ಸರ್ಕಾರದ ಕೆಲಸ ದೇವರ ಕೆಲಸ ಆದರೆ ನಮಗೆ ಮೂರು ದಿನವೇ ಗತಿ. ನಮಗೆ ಬೇಕಾದದ್ದು ಸರ್ಕಾರದ ಕೆಲಸ ಸರ್ಕಾರದ ಕೆಲಸವೇ ಆಗಿರೋದು: ದಿನಾಂಕ ಹಾಕಿ, ಸಹಿ ಮಾಡಿ, ಇಂಥವನು ಮಾಡಿದ ಅಂತ ಹೇಳೋದು.

ಉಪಯೋಜನೆ ಕಾಯಿದೆಯ ಏಳು ‘ಡಿ’ ಕತೆಯೂ ಇದೇ. ಪರಿಶಿಷ್ಟರ ಪಾಲಿನ ಹಣ ಪರಿಶಿಷ್ಟರಿಗೇ ಅಂತ 2013ರಲ್ಲಿ ಕಾಯಿದೆ ಮಾಡಿ, ಏಳನೇ ಕಲಮಿನ ಒಂದು ಅಕ್ಷರದಲ್ಲಿ ಹಣ ಬೇರೆಡೆ ಹರಿಯೋದಕ್ಕೆ ತೂಬು ಬಿಟ್ಟರು. ಆ ಅಕ್ಷರ ಅಳಿಸಲು ಹತ್ತು ವರ್ಷ ಆಯಿತು, 2023ರವರೆಗೆ.

ಹಳ್ಳಿ ಮೇಷ್ಟ್ರುಗಳಿಗೂ ಹಾಸ್ಟೆಲಿನ ಹುಡುಗರಿಗೂ ನಮ್ಮದೊಂದು ಕೋರಿಕೆ. ಸದನದ ಪ್ರಶ್ನೋತ್ತರದ ಕಾಗದ ಈಗ ಯಾರು ಬೇಕಾದರೂ ನೋಡಬಹುದು. ನಿಮ್ಮ ತಾಲ್ಲೂಕಿನ ಹೆಸರು ಇರುವ ಹಾಳೆಯನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ. ಅನುಬಂಧದಲ್ಲಿ ‘ಸ್ಮಶಾನ ಒದಗಿಸಲಾಗಿದೆ’ ಅಂತ ಇದ್ದರೆ ಸರ್ವೆ ನಂಬರು ಹಿಡಿದು ಹೋಗಿ ನೋಡಿ, ಅಲ್ಲಿ ಕಬ್ಬು ಬೆಳೆದಿದೆಯೋ ಇಲ್ಲವೋ. ಆಮೇಲೆ ನಿಮ್ಮ ಸದಸ್ಯರಿಗೆ ಪ್ರಶ್ನೆ ಬರೆದು ಕೊಡಿ. (ಅ) ಪಾಂಡವಪುರ ಉಪವಿಭಾಗದಲ್ಲಿ ಪಿಟಿಸಿಎಲ್ ಕಾಯಿದೆಯ ಅಡಿ ಬಾಕಿ ಇರುವ ಪ್ರಕರಣಗಳೆಷ್ಟು, ತಾಲ್ಲೂಕುವಾರು? (ಆ) ವಿಳಂಬದ ಕಾರಣಕ್ಕೆ ವಜಾ ಆದವೆಷ್ಟು? (ಇ) ಪುನರ್ ಮಂಜೂರಾತಿ ಆದೇಶ ಆಗಿಯೂ ಸ್ವಾಧೀನ ಸಿಗದವೆಷ್ಟು? (ಈ) ಸ್ವಾಧೀನ ಕೊಡಿಸಬೇಕಾದ ಅಧಿಕಾರಿ ಯಾರು? ಮೊದಲ ಪ್ರಶ್ನೆಯನ್ನು ‘ಗಮನಕ್ಕೆ ಬಂದಿದೆಯೇ’ ಅಂತ ಶುರು ಮಾಡಬೇಡಿ. ‘ಎಷ್ಟು’ ಅಂತಲೇ ಕೇಳಿ. ‘ಎಷ್ಟು’ ಅನ್ನೋದಕ್ಕೆ ‘ಇಲ್ಲ’ ಅಂತ ಉತ್ತರ ಬರೆಯೋಕಾಗಲ್ಲ, ಕೆಳಗಿನ ಮೂರು ಪ್ರಶ್ನೆಗೆ ‘ಉದ್ಭವಿಸುವುದಿಲ್ಲ’ ಅಂತ ಗೀಟು ಎಳೆಯೋಕೂ ಆಗಲ್ಲ.